ನಾಯಕರ ನೆಟ್ಟನೆ ದೋಣಿ

ಹೊಸ ದೋಣಿ ಕಟ್ಟಿಸಲು ಬೀರಣ್ಣ ನಾಯಕರು ಹೊಳೆದಂಡೆಯಲ್ಲಿ ಚಪ್ಪರ ಹಾಕಿಸಿದರು. ದೋಣಿ ಕಟ್ಟುವ ಆಚಾರಿ ಕಾಡು ಸುತ್ತಿ ಮರ ತಂದು ಒಟ್ಟಿದ. ಅರ್ಧ ನೆಟ್ಟಗಿನವು, ಅರ್ಧ ಬಾಗಿದವು. ನಾಯಕರು ಬಾಗಿದವನ್ನು ಕೋಲಿನಿಂದ ತಿವಿದು ಊರವರೆದುರೇ ಕೂಗಿದರು.

“ನನಗೇ ಸೊಟ್ಟ ಮರ ದಾಟಿಸ್ತೀಯಾ? ನನ್ನ ದೋಣಿಗೆ ಸೊಟ್ಟ ತುಂಡು ಒಂದೂ ಬೀಳಬಾರದು. ಇವೆಲ್ಲ ನಮ್ಮ ಬಚ್ಚಲೊಲೆಗೆ ಹೋಗಲಿ!”

“ಆಗಲಿ,” ಎಂದ ಆಚಾರಿ, ಬಾಗಿದ ಮರಗಳನ್ನೆಲ್ಲ ಹೊತ್ತು ನಾಯಕರ ಹಿತ್ತಿಲಿಗೆ ಹಾಕಿ ಬಂದ.

ನಾಲ್ಕನೆಯ ದಿನ ನಾಯಕರು ನೆಂಟರನ್ನು ಕಟ್ಟಿಕೊಂಡು ದೋಣಿ ತೋರಿಸಲು ಬಂದರು. ಸೌದೆ ಹಸಿಯೆಂದು ಹೆಂಡತಿ ಹೇಳಿದ್ದಕ್ಕೆ ಮೂರು ದಿನ ತಣ್ಣೀರು ಮಿಂದು ಸೀನುತ್ತಿದ್ದರು. ಚಪ್ಪರದಡಿ ಆಚಾರಿ ನೆಟ್ಟನೆ ಮರಗಳನ್ನಷ್ಟೇ ಜೋಡಿಸಿಟ್ಟಿದ್ದ. ನಾಲ್ಕು ಮೂಲೆ, ನಾಲ್ಕು ಗೋಡೆ. ಯಾರದೋ ಎಮ್ಮೆ ಅದನ್ನು ಬಾನಿಯೆಂದುಕೊಂಡು ಮೂತಿ ಹಾಕಿ ಅಕ್ಕಚ್ಚು ಹುಡುಕುತ್ತಿತ್ತು. ನೆಂಟರು ಕಿಸಕ್ಕನೆ ನಕ್ಕರು.

“ಇದೇನೋ?”

“ನೀವು ಹೇಳಿದ ದೋಣಿ, ನಾಯಕರೇ. ಪಕ್ಕೆಲುಬಿನ ಮರ ಬಾಗದೆ ದೋಣಿಗೆ ಹೊಟ್ಟೆ ಬರೋದಿಲ್ಲ.”

ನಾಯಕರ ತಲೆ ತಗ್ಗಿತು. ನೆಂಟರ ಕಡೆ ನೋಡಲಾಗಲಿಲ್ಲ, ಎಮ್ಮೆಯ ಕಡೆಯೂ ನೋಡಲಾಗಲಿಲ್ಲ. ಅಂದು ಕೂಗಿದ ಬಾಯಿ ಈಗ ಪಿಸುಗುಟ್ಟಿತು: “ಆ ಬಾಗಿದ ಮರ ಎಲ್ಲಾ ಒಲೆಗೆ ಹಾಕಿ ಅಂದುಬಿಟ್ಟೆನಲ್ಲೋ!”

“ಒಂದೂ ಸುಟ್ಟಿಲ್ಲ. ನಾಯಕರೇ ಕೇಳಿಕೊಂಡು ಬರ್ತಾರೆ, ಮುಟ್ಟಬೇಡಿ ಅಂತ ನಿಮ್ಮ ಮನೆ ಅಮ್ಮಾವ್ರಿಗೆ ಆವತ್ತೇ ಹೇಳಿದ್ದೆ.”

ನಾಯಕರು ಮತ್ತೊಮ್ಮೆ ಸೀನಿದರು. ಸೌದೆ ಹಸಿ ಎನ್ನುವಾಗಲೆಲ್ಲ ಹೆಂಡತಿ ಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳೆಂದು ಅವರಿಗೆ ಈಗ ಗೊತ್ತಾಯಿತು.