ಬೆನ್ನ ಹಿಂದಿನ ಗಂಟು

ಮಂಚದ ಮೇಲೆ ಹತ್ತೊಂಬತ್ತು ವರ್ಷದ ಹುಡುಗಿ. ಪಕ್ಕದ ಕೋಣೇಲಿ ಅವಳು ಮೊನ್ನೆ ತಾನೇ ಹೆತ್ತ ಹೆಣ್ಣುಕೂಸು. ಮಧ್ಯೆ ಒಂದು ಮುಚ್ಚಿದ ಬಾಗಿಲು. ಕೂಸು ಹಸಿವಿಂದ ಕಿರುಚ್ತಿದೆ, ತಾಯಿ ಎದೇಲಿ ಹಾಲು ತುಂಬಿ ನೋಯ್ತಿದೆ. ಆದ್ರೂ ಎತ್ಕೊಂಡು ಕುಡಿಸೋ ಹಾಗಿಲ್ಲ!

ಯಾಕೆ ಅಂತೀರಾ? ಇರಿ, ಇರಿ, ಹೇಳ್ತೀನಿ!

ಇದು ಯುರೋಪಿನ ಕಡೆ ಕಥೆ, ಮುನ್ನೂರು ವರ್ಷದ ಹಿಂದಿಂದು. ಹಿಮ ಬೀಳೋ ಬೆಟ್ಟದ ಮೇಲೊಂದು ಕೋಟೆ. ಈ ಹುಡುಗಿ ಒಟ್ಟೀಲಿಯಾ, ಆ ಕೋಟೆಯ ಜಹಗೀರ್ದಾರ ಆಲ್ಬ್ರೆಕ್ಟನ ಹೆಂಡತಿ. ಅಂಥೋರ ಮನೆ ಸೊಸೆ ಅಂದ್ರೆ ನಾವೇನಂದ್ಕೋತೀವಿ? ರೇಷ್ಮೆ ಗೌನು, ಮುತ್ತಿನ ಸರ, ಸಾರೋಟು, ಅಬ್ಬಬ್ಬಾ ಅಂತೀವಿ! ಆದ್ರೆ ಆ ಗೌನಿನ ದಾರ ಎಲ್ಲಾ ಬೆನ್ನ ಹಿಂದೆ ಗೊತ್ತಾ? ಕಟ್ಟೋಕೂ ಇನ್ನೊಬ್ರು ಬೇಕು, ಬಿಚ್ಚೋಕೂ ಇನ್ನೊಬ್ರು ಬೇಕು. ಅಷ್ಟೆಲ್ಲಾ ಇದ್ದೂ ತನ್ನ ಬಟ್ಟೆ ತಾನು ಬಿಚ್ಚೋ ಸ್ವಾತಂತ್ರ್ಯ ಇಲ್ಲ!

ಇನ್ನೊಂದು ಪದ್ಧತಿ ಕೇಳಿ. ದೊಡ್ಡ ಮನೆತನದ ಹೆಂಗಸು ತನ್ನ ಮಗುಗೆ ತಾನೇ ಹಾಲು ಕುಡಿಸಬಾರದಂತೆ. ಕುಡಿಸಿದ್ರೆ ಮೈಕಟ್ಟು ಕೆಡುತ್ತಂತೆ, ಅರಮನೆ ಔತಣಕ್ಕೆ ಹೋಗೋಕಾಗಲ್ವಂತೆ, ಮುಂದಿನ ಮಗು, ಅದೂ ಗಂಡುಮಗು, ಬೇಗ ಹುಟ್ಟಲ್ವಂತೆ. ಅದಕ್ಕೆ ಹೆರಿಗೆ ಆಗ್ತಿದ್ದ ಹಾಗೇ ಸೊಸೆಯ ಎದೆಗೆ ಉದ್ದನೆ ಬಟ್ಟೆ ಬಿಗಿಯಾಗಿ ಸುತ್ತಿ, ಹಾಲು ಬತ್ತಿ ಹೋಗಲಿ ಅಂತ, ಅತ್ತೆ ತನ್ನ ಕೈಯಾರೆ ಬೆನ್ನ ಹಿಂದೆ ಗಂಟು ಹಾಕ್ತಾಳೆ. ಆ ಗಂಟನ್ನ ಅತ್ತೆ ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಮಗುನ ಬುಟ್ಟೀಲಿ ಮಲಗಿಸಿ, ಬೆಟ್ಟದ ಕೆಳಗಿನ ಹಳ್ಳೀಲಿರೋ ಹಾಲೂಡಿಸೋ ದಾದಿ ಮನೆಗೆ ಕಳಿಸಿಬಿಡ್ತಾರೆ. ಮೂರು ವರ್ಷ! ತಾಯಿ ಕಿಟಕೀಲಿ ನಿಂತು ಗಾಡಿ ಹೋಗೋದನ್ನ ನೋಡ್ಬಹುದು, ಅಷ್ಟೇ.

ಆದ್ರೆ ಈ ಸಲ ಏನಾಯ್ತು ಅಂದ್ರೆ, ದಾರಿ ತುಂಬಾ ಹಿಮ ಬಿದ್ದು ದಾದಿ ಗಾಡಿ ಬರಲೇ ಇಲ್ಲ! ಕೂಸಿಗೆ ಚಮಚದಲ್ಲಿ ಮೇಕೆ ಹಾಲು ಹಾಕಿದ್ರು, ವಾಂತಿ ಮಾಡ್ತು. ಸಕ್ಕರೆ ನೀರು ಹಾಕಿದ್ರು, ಅದನ್ನೂ ಉಗುಳ್ತು. ಬೆಳಿಗ್ಗೆ ಕೋಟೆಯೇ ಹಾರಿ ಹೋಗೋ ಹಾಗೆ ಅಳ್ತಿದ್ದ ಕೂಸು ಮಧ್ಯಾಹ್ನದ ಹೊತ್ತಿಗೆ ಬೆಕ್ಕಿನ ಮರಿ ಹಾಗೆ ಮಿಯಾಂ ಅನ್ನೋಕೆ ಶುರು ಮಾಡ್ತು.

ಅಳು ಜೋರಾಗಿದ್ದಾಗ ಒಟ್ಟೀಲಿಯಾಗೆ ಹೆದರಿಕೆ ಇರ್ಲಿಲ್ಲ, ಸಣ್ಣಗಾದ ಮೇಲೆ ಹೆದರಿಕೆ! ಕೈ ಹಿಂದೆ ತಿರುಗಿಸಿ ಗಂಟು ಹುಡುಕಿದ್ಲು. ಬೆರಳು ಎಟುಕಲೇ ಇಲ್ಲ.

"ಬ್ರಿಗಿಟ್ಟಾ, ಬಿಚ್ಚೇ ಇದನ್ನ!" ಅಂತ ಕೆಲಸದವಳನ್ನ ಕೂಗಿದ್ಲು.

"ಅಯ್ಯಯ್ಯೋ, ಬೇಡ ಅಮ್ಮಾವ್ರೇ! ದೊಡ್ಡಮ್ಮಾವ್ರು ನನ್ನ ಚರ್ಮ ಸುಲೀತಾರೆ."

"ಹೋಗ್ಲಿ, ಒಂದು ಕತ್ತರಿ ಕೊಡು."

"ಈ ಮನೇಲಿ ಕತ್ತರಿ ಇರೋದು ಒಂದೇ ಕಡೆ, ದೊಡ್ಡಮ್ಮಾವ್ರ ಸೊಂಟದಲ್ಲಿ!"

ಅದು ನಿಜ. ಅತ್ತೆ ಕುನಿಗುಂಡೆ ಸೊಂಟಕ್ಕೆ ಬೆಳ್ಳಿ ಸರಪಣಿ ಕಟ್ಕೊಂಡು, ಅದರಲ್ಲಿ ಬೀಗದ ಕೈಗೊಂಚಲು, ಕತ್ತರಿ ಎಲ್ಲಾ ನೇತು ಹಾಕ್ಕೊಂಡು ಓಡಾಡೋಳು. ಆಯಮ್ಮ ಬರೋದು ಆ ಝಣಝಣ ಸದ್ದಿಂದಾನೇ ಗೊತ್ತಾಗ್ತಿತ್ತು. ಕೆಲಸದವರೆಲ್ಲಾ ಉಸಿರು ಬಿಗಿ ಹಿಡಿಯೋರು.

ಝಣ ಝಣ ಝಣ. ಬಂದೇಬಿಟ್ಲು!

"ಏನು ಗಲಾಟೆ?"

"ಅತ್ತೇ, ಗಂಟು ಬಿಚ್ಚಿ. ಒಂದೇ ಒಂದು ಸಲ ಕುಡಿಸ್ತೀನಿ. ಮಗು ಸತ್ತು ಹೋಗುತ್ತೆ ಅತ್ತೇ!"

"ಗಾಡಿ ಬರುತ್ತೆ. ಸುಮ್ನೆ ಮಲ್ಕೋ."

"ಬರೋದ್ರೊಳಗೆ ಏನಾದ್ರೂ ಆದ್ರೆ?"

ಕುನಿಗುಂಡೆಗೆ ಸಿಟ್ಟು ನೆತ್ತಿಗೇರ್ತು. "ನಿನಗೊಬ್ಬಳಿಗೇ ಹಾಲು ಬಂದಿರೋದಾ? ನನಗೂ ಬಂದಿತ್ತು! ಇದೇ ಬಟ್ಟೆ ಕಣೇ, ನಮ್ಮತ್ತೆ ನನಗೆ ಕಟ್ಟಿದ್ದು. ಜ್ವರ ಬಂದು ನಡುಗಿಬಿಟ್ಟೆ. ಆದ್ರೂ ತುಟಿ ಪಿಟಕ್ ಅನ್ಲಿಲ್ಲ. ನಾನು ತಡ್ಕೊಂಡಿಲ್ವಾ? ನೀನೂ ತಡ್ಕೋ!"

ಒಟ್ಟೀಲಿಯಾ ಎದುರು ಮಾತಾಡ್ಲಿಲ್ಲ. ಅತ್ತೆ ಮುಖಾನೇ ನೋಡ್ತಾ ಮೆಲ್ಲಗೆ ಕೇಳಿದ್ಲು.

"ಆಮೇಲೇನಾಯ್ತು ಅತ್ತೇ?"

ಅಷ್ಟೇ! ಅಷ್ಟೇ ಕೇಳಿದ್ದು! ಆದ್ರೆ ಆ ಪ್ರಶ್ನೇನ ಅಲ್ಲಿವರೆಗೂ ಕುನಿಗುಂಡೇನ ಯಾರೂ ಕೇಳೇ ಇರ್ಲಿಲ್ಲ. ಬೈಯೋಕೆ ಅಂತ ತೆಗೆದ ಬಾಯಿ ಹಾಗೇ ನಿಂತುಹೋಯ್ತು.

"ಆಮೇಲೆ... ಆಲ್ಬ್ರೆಕ್ಟ್ ಮೂರು ವರ್ಷ ಆದ್ಮೇಲೆ ದಾದಿ ಮನೆಯಿಂದ ವಾಪಸ್ ಬಂದ. ನಾನು ಹೊಸ ಗೌನು ಹಾಕ್ಕೊಂಡು ಬಾಗಿಲಲ್ಲಿ ಕಾಯ್ತಿದ್ದೆ. ಕೈ ಚಾಚಿದೆ. ಅವನು ನನ್ನ ನೋಡಿ ಹೆದರಿ ದಾದಿ ಲಂಗದ ಹಿಂದೆ ಬಚ್ಚಿಟ್ಕೊಂಡ."

ಬ್ರಿಗಿಟ್ಟಾ ಮೂಗು ಒರೆಸ್ಕೊಂಡ್ಲು.

"ಇವತ್ತಿಗೂ ಅವನು ದಿನಾ ಬೆಳಿಗ್ಗೆ ಬರ್ತಾನೆ. ಬಗ್ಗಿ ನನ್ನ ಕೈಗೆ ಮುತ್ತಿಡ್ತಾನೆ. 'ತಾಯಿಯವರು ಕ್ಷೇಮವೇ?' ಅಂತಾನೆ, ಹೋಗ್ತಾನೆ. ಆ ದಾದಿ ಸತ್ತ ದಿನ ಮಾತ್ರ 'ಅಮ್ಮಾ' ಅಂತ ಬಿಕ್ಕಿ ಬಿಕ್ಕಿ ಅತ್ತ. ನಾನು ಪಕ್ಕದಲ್ಲೇ ನಿಂತಿದ್ದೆ."

ಅಷ್ಟರಲ್ಲಿ ಪಕ್ಕದ ಕೋಣೆಯ ಮಿಯಾಂ ಅನ್ನೋ ಅಳುನೂ ನಿಂತುಹೋಯ್ತು!

ಕುನಿಗುಂಡೆ ಒಂದೇ ಹೆಜ್ಜೇಲಿ ಸೊಸೆ ಹಿಂದೆ ಬಂದ್ಲು. ಗಂಟು ಬಿಚ್ಚೋಕೆ ಹೋದ್ಲು. ಹಾಲು ಸುರಿದು ಬಟ್ಟೆ ನೆನೆದು ಗಂಟು ಕಲ್ಲಾಗಿತ್ತು. ಉಗುರು ಹಾಕಿದ್ರೂ ಬಿಡ್ತಿಲ್ಲ. ತಾನೇ ಹಾಕಿದ ಗಂಟು ತನಗೇ ಬಿಚ್ಚೋಕಾಗ್ತಿಲ್ಲ ನೋಡಿ! ಸರಪಣಿಯಿಂದ ಕತ್ತರಿ ಎಳೆದ್ಲು. ಬ್ರಿಗಿಟ್ಟಾ, "ಅಮ್ಮಾವ್ರೇ, ತಲೆತಲಾಂತರದ ಬಟ್ಟೆ!" ಅಂತ ಕಿರುಚಿದ್ಲು.

"ಅದಕ್ಕೇ ಕಣೇ ಕತ್ತರಿಸ್ತಿರೋದು. ನಿಂತ್ಕೊಂಡು ಏನು ನೋಡ್ತೀಯ? ಮಗು ತಗೊಂಬಾ, ಓಡು!"

ಚರಕ್ ಅಂತ ಬಟ್ಟೆ ಎರಡಾಯ್ತು.

ಕೂಸು ಬಂತು. ಮೈ ತಣ್ಣಗಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಒಟ್ಟೀಲಿಯಾ ಎದೆಗೆ ಒತ್ಕೊಂಡ್ಲು. ಕುಡೀಲಿಲ್ಲ. ಕೆನ್ನೆ ತಟ್ಟಿದ್ಲು. ಕುಡೀಲಿಲ್ಲ! ಕುನಿಗುಂಡೆ ಉಂಗುರ ಎಲ್ಲಾ ಕಿತ್ತು ಮಂಚದ ಮೇಲೆ ಎಸೆದು, ಆ ಪುಟ್ಟ ಪಾದಾನ ಎರಡೂ ಕೈಲಿ ಉಜ್ಜಿದ್ಲು, ಉಜ್ಜಿದ್ಲು. ಆಗ ಬಾಯಿ ಆಡ್ತು. ಗುಟುಕ್. ಆಹಾ, ಆ ಸದ್ದು! ಇನ್ನೊಂದು ಗುಟುಕ್!

ಕುನಿಗುಂಡೆ ಹೊರಗೆ ಬಂದು, ಬಾಗಿಲು ಹಾಕಿ, ಅದರ ಮುಂದೇನೇ ಕುರ್ಚಿ ಹಾಕ್ಕೊಂಡು ಕೂತ್ಬಿಟ್ಲು. ಎದೆ ಮತ್ತೆ ಕಟ್ಟಬೇಕು ಅಂತ ಕೋಟೆಯ ವೈದ್ಯರು ಬಂದ್ರು, ವಾಪಸ್ ಕಳಿಸಿದ್ಲು. ಕೊನೆಗೆ ದಾದಿ ಮಂಡಿವರೆಗೂ ಹಿಮ ಮೆತ್ಕೊಂಡು ಬಂದ್ಲು. ವಿಷಯ ಕೇಳಿ ಅವಳ ಮುಖ ಅರಳಿದ್ದು ನೋಡ್ಬೇಕಿತ್ತು! "ಹಾಗಾದ್ರೆ ನಾನು ಹೋಗ್ಲಾ ಅಮ್ಮಾವ್ರೇ? ಅಲ್ಲಿ ನನ್ನ ಕೂಸೂ ಅಳ್ತಿತ್ತು" ಅಂದ್ಲು. ಪಾಪ, ಇವಳ ಹಾಲಿಗೂ ಒಂದು ಸ್ವಂತ ಮಗು ಕಾಯ್ತಿತ್ತು ಅಂತ ಆ ಕೋಟೇಲಿ ಯಾರಿಗೂ ಹೊಳೆದೇ ಇರ್ಲಿಲ್ಲ. ಕುನಿಗುಂಡೆ ಅವಳಿಗೆ ಬಿಸಿ ಸೂಪು ಕುಡಿಸಿ, ಕಂಬಳಿ ಹೊದಿಸಿ, ಬುಟ್ಟಿ ತುಂಬಾ ತಿನ್ನೋ ಸಾಮಾನು ಕೊಟ್ಟು ಕಳಿಸಿದ್ಲು. ಯಾವ ಬುಟ್ಟಿ ಗೊತ್ತಾ? ಮಗುನ ಕಳಿಸ್ತಿದ್ರಲ್ಲ, ಅದೇ ಬುಟ್ಟಿ!

ಆಮೇಲೆ ಆಲ್ಬ್ರೆಕ್ಟ್ ಬಂದ.

"ತಾಯಿಯವರೇ, ಮಗು ಇನ್ನೂ ಇಲ್ಲೇ ಇದೆಯಂತೆ? ತಮ್ಮ ಸೊಸೆಯೇ ಹಾಲುಣಿಸುತ್ತಿದ್ದಾಳಂತೆ? ಅರಮನೆಯವರು ಏನೆಂದಾರು?"

"ಏನಾದ್ರೂ ಅನ್ಲಿ. ಕೇಳಿದ್ರೆ, ಬಟ್ಟೆ ಹರಿದು ಹೋಯ್ತು ಅನ್ನು."

"ಆದರೆ ನಮ್ಮ ಮನೆತನದಲ್ಲಿ ಎಲ್ಲರೂ..."

"ಆಲ್ಬ್ರೆಕ್ಟ್, ನಿನ್ನನ್ನ ಕಳಿಸಿದ ದಿನ ನಾನು ಕಿಟಕಿ ಬಿಟ್ಟು ಬರ್ಲಿಲ್ಲ. ಗಾಡಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದೆ. ಇದನ್ನ ನಿನಗೆ ಯಾವತ್ತೂ ಹೇಳೇ ಇಲ್ಲ ಅಲ್ವಾ?"

ಒಳಗಿಂದ ಕೂಸು ತೇಗಿದ ಸದ್ದು ಬಂತು, ಅದರ ಹಿಂದೇನೇ ಒಟ್ಟೀಲಿಯಾ ನಗು. ಆಲ್ಬ್ರೆಕ್ಟ್ ಬಗ್ಗಿ ಅಮ್ಮನ ಕೈ ತಗೊಂಡ. ಆದ್ರೆ ಆವತ್ತು ಮುತ್ತಿಡೋದೇ ಮರೆತ. ಹಾಗೇ ಹಿಡ್ಕೊಂಡು, ಅವಳ ಕುರ್ಚಿ ಪಕ್ಕ ನೆಲದ ಮೇಲೆ ಕೂತ್ಬಿಟ್ಟ.

ನೀತಿ: "ನಾನು ತಡ್ಕೊಂಡೆ, ನೀನೂ ತಡ್ಕೋ" ಅನ್ನೋದು ಸಂಪ್ರದಾಯ ಅಲ್ಲ, ಆರದೇ ಉಳಿದ ಹಳೇ ಗಾಯ. ನಮಗಾದ ನೋವನ್ನ ಮುಂದಿನವರಿಗೆ ಕಟ್ಟಬಾರದು, ನಮ್ಮಲ್ಲೇ ಕತ್ತರಿಸಿಬಿಡ್ಬೇಕು. ಮತ್ತೆ, ಯಾರಾದ್ರೂ ಗಡುಸಾಗಿ ಮಾತಾಡಿದ್ರೆ ತಿರುಗಿ ಬೈಯೋಕ್ಮುಂಚೆ ಒಂದ್ಸಲ ಕೇಳಿ ನೋಡಿ: "ಆಮೇಲೇನಾಯ್ತು?"