ಪರಸಿಕಲ್ಲಿನ ಐದು ಹೆಣ

ಹತ್ತಿರ ಬಂದು ಕೂತುಕೊಳ್ಳಿ. ಗೋಡೆಗೆ ಒರಗುವವರು ಒರಗಿ, ಕಾಲು ಚಾಚುವವರು ಚಾಚಿ. ಕೇಳುವುದಾದರೆ ಕೊನೆತನಕ ಕೇಳಬೇಕು. ನಡುವೆ ಎದ್ದು ಹೋದವರಿಗೆ ನಾನು ಮತ್ತೆ ಹೇಳುವವಳಲ್ಲ.

“ಬುದ್ಧೀ, ಬಾಗಿಲಲ್ಲಿ ನಿಂತವನನ್ನು ನಾನು ಚೆನ್ನಾಗಿ ಬಲ್ಲೆ. ಬಲ್ಲವನನ್ನು ಮತ್ತೆ ಯಾಕೆ ನೋಡಬೇಕು?”

ಹೀಗೆ ಕೇಳಿದವನು ಮರಿದೇವ, ಒಂದು ಮಠದ ಶಿಷ್ಯ. ಹದಿನಾಲ್ಕು ವರ್ಷದ ಹಿಂದೆ ಅವನ ಅಣ್ಣ ಅವನನ್ನು ಉಟ್ಟ ಬಟ್ಟೆಯಲ್ಲೇ ಮನೆಯಿಂದ ಆಚೆ ಹಾಕಿದ್ದ. ಆ ಅಣ್ಣ ಇವತ್ತು ಮಠದ ಬಾಗಿಲಿಗೆ ಬಂದು, ತಮ್ಮನನ್ನು ಒಮ್ಮೆ ನೋಡಿ ಹೋಗುತ್ತೇನೆ ಅಂತ ಹೇಳಿ ಕಳಿಸಿದ್ದ. ಮರಿದೇವನಿಗೆ ಹೋಗಲೂ ಮನಸ್ಸಿಲ್ಲ, ಹೋಗದೆ ಕೂರಲೂ ಆಗದು. ಅದಕ್ಕೇ ಗುರುಗಳ ಮುಂದೆ ಬಂದಿದ್ದ.

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕತೆ ಶುರುಮಾಡಿದರು.

ಒಬ್ಬ ಕಲ್ಲುಕುಟಿಗ. ಅವನಿಗೆ ಇದ್ದದ್ದು ಕಲ್ಲು ತೆಗೆಯುವ ಒಂದೇ ಗುಂಡಿ. ಆ ಗುಂಡಿಯಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲು ಪದರ ಪದರವಾಗಿ ಏಳುತ್ತಿತ್ತು. ಅಂಚಿಗೆ ಉಳಿ ಇಟ್ಟು ಮೆಲ್ಲಗೆ ತಟ್ಟಿದರೆ ಸಾಕು, ಬಿಟ್ಟುಕೊಳ್ಳುತ್ತಿತ್ತು. ಒಂದು ದಿನ ಹಾಗೆ ಏಳಿಸಿದ ಚಪ್ಪಡಿಯ ಮೇಲೆ ಐದು ಹುಳು ಸಾಲಾಗಿ ಮಲಗಿದ್ದವು. ಕಲ್ಲೇ ಆಗಿಹೋದ ಹುಳು. ಉದ್ದಕ್ಕೆ ಮೂರು ಭಾಗವಾದ ಬೆನ್ನು, ಅಡ್ಡಕ್ಕೆ ಪಟ್ಟಿ ಪಟ್ಟಿ, ತಲೆಗೆ ಚಿಪ್ಪು, ಚಿಪ್ಪಿನಲ್ಲಿ ಎರಡು ಕಣ್ಣು. ಮೊದಲನೆಯದು ಹುಣಸೆಬೀಜದಷ್ಟು. ಕೊನೆಯದು ಅಂಗೈಯಷ್ಟು.

ಆ ಕಲ್ಲುಕುಟಿಗರಲ್ಲಿ ಒಂದು ಕಟ್ಟಳೆ ಇತ್ತು. ಗುಂಡಿಯಲ್ಲಿ ಹೆಣ ಸಿಕ್ಕರೆ, ಹುಳುವಿನದಾದರೂ ಸರಿಯೇ, ಅದು ಮಸಣ. ಮಣ್ಣು ಮುಚ್ಚಿ ಎದ್ದು ಬರಬೇಕು, ಮತ್ತೆ ಅಲ್ಲಿ ಉಳಿ ಇಡುವಂತಿಲ್ಲ.

ಕೇರಿಯ ಹಿರಿಯ ಬಂದು ಬಗ್ಗಿ ನೋಡಿದ. “ತಾಯಿ ಒಂದು, ಮಕ್ಕಳು ನಾಲ್ಕು. ಒಟ್ಟಿಗೇ ಹೋಗಿವೆ, ಪಾಪ. ಮಣ್ಣು ಮುಚ್ಚಿಬಿಡಪ್ಪ,” ಅಂದ.

ಕಲ್ಲುಕುಟಿಗನಿಗೆ ತಲೆ ಕೆಟ್ಟಿತು. ಮುಚ್ಚಿದರೆ ಮನೆಯ ಒಲೆ ಹೊತ್ತುವುದಿಲ್ಲ. ಮುಚ್ಚದಿದ್ದರೆ ಕೇರಿಯವರು ಬೆಂಕಿ ನೀರು ಕೊಡುವುದಿಲ್ಲ. ಮತ್ತೆ ಮತ್ತೆ ನೋಡಿದ. ಒಂದೇ ಬಸಿರಿನ ಮಕ್ಕಳಾದರೆ ಒಂದೇ ಅಳತೆ ಇರಬೇಕು, ಇವು ಒಂದಕ್ಕಿಂತ ಒಂದು ದೊಡ್ಡವು. ತಾಯಿಯ ಮಗ್ಗುಲಲ್ಲಿ ಇರಬೇಕು, ಇವು ಒಂದರ ಹಿಂದೆ ಒಂದು ಸಾಲು ಹಿಡಿದಿವೆ. ಇದು ಸಂಸಾರವೋ, ಮೆರವಣಿಗೆಯೋ? ನೋಡಿದಷ್ಟೂ ಗೋಜಲಾಯಿತೇ ಹೊರತು ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಒಬ್ಬಳು ಆ ದಾರಿಯಲ್ಲಿ ಬಂದಳು. ಹೊಳೆಯಲ್ಲಿ ಏಡಿ ಹಿಡಿದು ಸಂತೆಗೆ ಮಾರಲು ಹೊರಟವಳು. ಬುಟ್ಟಿ ಇಳಿಸಿ, ಅವನ ಮುಖ ನೋಡಿ ಕೇಳಿದಳು: “ಯಾಕಣ್ಣಾ, ಯಾರ ಮನೆಯಲ್ಲಿ ಸಾವು?”

“ಈ ಕಲ್ಲಿನ ಮನೆಯಲ್ಲಿ. ಐದು ಹೆಣ.”

ಅವಳು ಚಪ್ಪಡಿಯ ಮೇಲೆ ಬೆರಳಾಡಿಸಿ ನಕ್ಕಳು. “ಹೆಣ ಎಲ್ಲಿದೆ? ಸತ್ತದ್ದು ಇಡಿಯಾಗಿ ಬಿದ್ದಿರುತ್ತದೆ. ಇಲ್ಲಿ ನೋಡು, ಕೆನ್ನೆಯ ಎರಡೂ ಚಿಪ್ಪು ಹೊಲಿಗೆ ಬಿಚ್ಚಿದ ಹಾಗೆ ಪಕ್ಕಕ್ಕೆ ಸರಿದಿವೆ. ನಮ್ಮ ಏಡಿಯೂ ಹಾಗೆಯೇ. ಮೈ ಬೆಳೆದು ಚಿಪ್ಪು ಬಿಗಿಯಾದರೆ ಬಿರಿದುಕೊಂಡು ಹೊರಗೆ ಬರುತ್ತದೆ. ಹಳೆಯದನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಇವು ಕಳಚಿ ಹಾಕಿದ ಅಂಗಿ. ಐದು ಹುಳುವಲ್ಲ ಅಣ್ಣಾ, ಒಂದೇ ಹುಳು ಐದು ಸಲ.”

“ಏಡಿ ಮಾರುವವಳು ನಮಗೆ ಸಾವು ಹೇಳಿಕೊಡುತ್ತಾಳೋ?” ಅಂದ ಹಿರಿಯ.

“ಸಾವು ನಿಮ್ಮದೇ ಇರಲಿ ತಾತ, ಚಿಪ್ಪು ನಮ್ಮದು,” ಅಂದಳು. ಬುಟ್ಟಿಗೆ ಕೈ ಹಾಕಿ, ಆಗ ತಾನೇ ಚಿಪ್ಪು ಕಳಚಿದ್ದ ಒಂದು ಮೆತ್ತನೆಯ ಏಡಿಯನ್ನು ತೆಗೆದು ಕಲ್ಲಿನ ಮೇಲೆ ಬಿಟ್ಟಳು. ಅದು ಅಡ್ಡಡ್ಡ ನಡೆಯಿತು.

“ಹಾಗಾದರೆ ಆ ಹುಳು ಎಲ್ಲಿ?” ಅಂದ ಕಲ್ಲುಕುಟಿಗ.

“ನನ್ನನ್ನು ಕೇಳಿದರೆ?”

ಅವನು ಬಗ್ಗಿ ಹುಡುಕಿದ. ಕೊನೆಯ ಚಿಪ್ಪಿನ ಮುಂದೆ ಕಾಲಿನ ಸಣ್ಣ ಸಣ್ಣ ಗೆರೆಗಳು ಎರಡು ಸಾಲಾಗಿ ಹೊರಟಿದ್ದವು. ಸಾಲುಗಳ ನಡುವೆ ಅಂಗೈ ಇಟ್ಟು ನೋಡಿದ, ಇನ್ನೂ ಜಾಗ ಉಳಿಯಿತು. ನಡೆದು ಹೋದದ್ದು ಆ ಐದಕ್ಕಿಂತಲೂ ದೊಡ್ಡದು. ಗೆರೆಗಳು ಚಪ್ಪಡಿಯ ಅಂಚಿನವರೆಗೆ ಹೋಗಿ, ಕಲ್ಲು ಮುಗಿದಲ್ಲಿ ಮುಗಿದಿದ್ದವು.

ಹೆಣವಿಲ್ಲ ಅಂದ ಮೇಲೆ ಮಸಣವೂ ಇಲ್ಲ. ಕೇರಿಯವರು ಒಪ್ಪಿದರು, ಗುಂಡಿ ಉಳಿಯಿತು. ಏಡಿಯವಳು ಸಂತೆಗೆ ಹೋದಳು, ಮತ್ತೆ ಆ ಕಡೆ ಬರಲಿಲ್ಲ. ಕಲ್ಲುಕುಟಿಗ ಬದುಕಿರುವ ತನಕ ಅಲ್ಲೇ ಕಲ್ಲು ಏಳಿಸಿದ. ಆ ಹುಳು ಅವನಿಗೆ ಸಿಗಲೇ ಇಲ್ಲ, ಸಿಕ್ಕಿದ್ದೆಲ್ಲ ಚಿಪ್ಪು. ಹಿರಿಯ ಮಾತ್ರ ನಂಬಲಿಲ್ಲ. ಆ ಚಪ್ಪಡಿಯನ್ನು ಕೇಳಿ ಮನೆಗೆ ತಂದು, ವರ್ಷ ವರ್ಷ ಎಡೆ ಇಟ್ಟು, ತಾಯಿ ಮಕ್ಕಳು ಅಂತ ಕಣ್ಣೊರೆಸಿಕೊಳ್ಳುತ್ತಲೇ ತೀರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನಿಗೆ ದಿಕ್ಕು ತೋಚಲಿಲ್ಲ. ತಾನು ಕೇಳಿದ್ದು ಅಣ್ಣನ ವಿಷಯ, ಇವರು ಹೇಳಿದ್ದು ಹುಳುವಿನ ವಿಷಯ.

“ಬುದ್ಧೀ, ಇದರಲ್ಲಿ ನನ್ನ ಅಣ್ಣ ಎಲ್ಲಿ ಬಂದ?” ಅಂದ.

“ನೀನು ಬಲ್ಲ ಹದಿನಾಲ್ಕು ವರ್ಷದ ಹಿಂದಿನ ಅಣ್ಣ ಇಲ್ಲೇ ನಿನ್ನ ಜೊತೆ ಕೂತಿದ್ದಾನೆ, ಬಾಗಿಲಲ್ಲಿ ನಿಂತವನು ಯಾರೋ, ನೋಡಿ ಬಾ,” ಅಂದರು ಗುರುಗಳು.

ಮರಿದೇವ ಎದ್ದು ಬಾಗಿಲ ಕಡೆ ಹೊರಟ.