ಇಳಿದ ಮುಳ್ಳು

ಶಿಷ್ಯ ಚನ್ನವೀರ ಕೇಳಿದ: "ಗುರುಗಳೇ, ಮೊದಲು ಮಾತುಮಾತಿಗೆ ಸಿಡಿಯುತ್ತಿದ್ದೆ. ಸಿಟ್ಟು ಇಳಿಸು ಎಂದು ದೇವರಲ್ಲಿ ಬೇಡಿಕೊಂಡೆ. ಈಗ ಸಿಟ್ಟೇ ಬರುವುದಿಲ್ಲ. ಹೆಂಡತಿ ಅತ್ತರೂ, ಮಗಳು ಓಡಿ ಬಂದು ಕೊರಳಿಗೆ ಬಿದ್ದರೂ ಒಳಗೆ ಏನೂ ಆಗುವುದಿಲ್ಲ. ತಣ್ಣಗಿದ್ದೇನೆ. ಶಾಂತಿ ಎಂದರೆ ಇದೇ ಅಲ್ಲವೇ?"

"ಕೇಳುವುದು ಪ್ರಶ್ನೆ, ಬೇಕಾದದ್ದು ಶಹಭಾಸ್‌ಗಿರಿ. ಕೂತುಕೋ, ಮೊದಲು ಕತೆ ಕೇಳು" ಎಂದು ಗುರು ಹೇಳತೊಡಗಿದರು.

ಘಾಟಿಯ ಕೆಳಗಿನ ಊರಿನಲ್ಲಿ ಒಬ್ಬ ಡ್ರೈವರ್ ಇದ್ದ. ಒಂದು ದಿನ ಅವನ ಅಣ್ಣನಿಗೆ ಜ್ವರ ನೆತ್ತಿಗೇರಿತು. ದೊಡ್ಡಾಸ್ಪತ್ರೆ ಇದ್ದದ್ದು ಘಾಟಿಯ ಮೇಲೆ. ಅಣ್ಣನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಅತ್ತಿಗೆ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಘಾಟಿಯ ಬುಡದಲ್ಲಿ ಚೌಡವ್ವನ ಕಲ್ಲಿದೆ. ಅಲ್ಲಿ ನಿಲ್ಲಿಸದೆ ಯಾರೂ ಗಾಡಿ ಹತ್ತಿಸುವುದಿಲ್ಲ. ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು, ಬಾನೆಟ್ ಎತ್ತಿ, ರೇಡಿಯೇಟರಿಗೂ ಅವಳ ಹೆಸರಿನಲ್ಲೇ ನೀರು ತುಂಬಿಸಿ ಹೊರಡುವುದು ಪದ್ಧತಿ. ಇವನು ಅವಸರದಲ್ಲಿ ನಿಲ್ಲಿಸಲಿಲ್ಲ. ಅದನ್ನು ತಪ್ಪೆನ್ನಲಾರೆ, ಒಡಹುಟ್ಟಿದವನ ಜೀವದ ಪ್ರಶ್ನೆ.

ಅರ್ಧ ಘಾಟಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯತ್ತ ಏರಿತು. ಅವನು ಹೀಟರ್ ಹಾಕಿದ. ಎಂಜಿನ್ನಿನ ಬಿಸಿಯನ್ನು ಕಾರಿನೊಳಗೆ ಎಳೆದುಕೊಳ್ಳುವುದು ಹಳೆಯ ಡ್ರೈವರುಗಳ ಉಪಾಯ. ಒಳಗೆಲ್ಲ ಒಲೆಯ ಬಾಯಿಯಂಥ ಗಾಳಿ ತುಂಬಿತು. ಮುಳ್ಳು ಮಾತ್ರ ಜಗ್ಗಲಿಲ್ಲ. "ಚೌಡವ್ವಾ, ಮುಳ್ಳು ಇಳಿಸು, ಬರುವಾಗ ಕಾಯಿ ಒಡೆಯುತ್ತೇನೆ" ಎಂದು ಹರಕೆ ಹೊತ್ತ. ಹಿಂದಿನಿಂದ ಅತ್ತಿಗೆಯೂ "ಇವರ ಜ್ವರ ಇಳಿಸು ತಾಯಿ" ಎಂದಳು.

ಮುಳ್ಳು ಇಳಿಯಿತು. ಯಾರೋ ಬೆರಳಿಟ್ಟು ಒತ್ತಿದ ಹಾಗೆ ನಿಧಾನವಾಗಿ ಇಳಿದು ತಳ ಮುಟ್ಟಿತು. ಡ್ರೈವರನಿಗೆ ಹೋದ ಜೀವ ಬಂದಂತಾಯಿತು.

ಹಿಂದಿನಿಂದ ಬಂದ ಬಸ್ಸೊಂದು ಪಕ್ಕದಲ್ಲಿ ನಿಧಾನಿಸಿತು. ಕಾರಿನಿಂದ ಹಬೆ ಏಳುವುದನ್ನೂ ಹಿಂದೆ ಒಬ್ಬ ಮಲಗಿರುವುದನ್ನೂ ಕಂಡು ಕಂಡಕ್ಟರ್ ತಲೆ ಹೊರಗೆ ಹಾಕಿದ. "ಹುಷಾರಿಲ್ಲದವರಿದ್ದರೆ ಇದಕ್ಕೇ ಹತ್ತಿಸ್ರೀ, ಆಸ್ಪತ್ರೆ ಮುಂದೇ ಹೋಗ್ತೀವಿ."

ಡ್ರೈವರ್ ಮುಳ್ಳಿನ ಕಡೆ ನೋಡಿದ. "ಏನಿಲ್ಲ, ಸರಿಹೋಯ್ತು. ನೀವು ನಡೀರಿ" ಎಂದ. ಬಸ್ಸು ಹೋಯಿತು. ಆಮೇಲೆ ಆ ರಸ್ತೆಯಲ್ಲಿ ಹಕ್ಕಿಯ ಸದ್ದೂ ಇರಲಿಲ್ಲ.

"ಗಾಳಿ ತಣ್ಣಗೆ ಬರ್ತಿದೆಯಲ್ಲ, ಹೀಟರ್ ಆರಿಸಿದೆಯಾ?" ಎಂದು ಅತ್ತಿಗೆ ಕೇಳಿದಳು.

"ಇಲ್ಲ ಅತ್ತಿಗೆ, ಹಾಕಿಯೇ ಇದೆ."

ಹೇಳುವಾಗ ಅವನಿಗೆ ಹೆದರಿಕೆಯಾಯಿತು. ಆದರೂ ಮುಳ್ಳನ್ನೇ ನಂಬಿದ. ಸ್ವಲ್ಪ ಹೊತ್ತಿಗೆ ಅತ್ತಿಗೆ ಗಂಡನ ಹಣೆ ಮುಟ್ಟಿ ನಿಟ್ಟುಸಿರುಬಿಟ್ಟಳು. "ಇವರ ಜ್ವರವೂ ಇಳಿಯಿತು. ನಿದ್ದೆ ಹತ್ತಿದೆ" ಎಂದಳು.

ಮುಂದಿನ ತಿರುವಿನಲ್ಲಿ ಎಂಜಿನ್ ಒಮ್ಮೆ ನರಳಿ ಕಚ್ಚಿಕೊಂಡು ನಿಂತುಹೋಯಿತು. ಮುಳ್ಳು ಇನ್ನೂ ತಳದಲ್ಲೇ ಇತ್ತು. ಅವನು ಇಳಿದು ಬಾನೆಟ್ ಮುಟ್ಟಿದರೆ ಅಂಗೈ ಸುಟ್ಟಿತು. ಪೈಪು ಒಡೆದು ನೀರೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಆ ಮುಳ್ಳು ಬಿಸಿಯನ್ನು ತಿಳಿಯುವುದು, ಹೀಟರ್ ಬಿಸಿ ಗಾಳಿ ಊದುವುದು, ಎರಡೂ ಎಂಜಿನ್ನಿನ ಸುತ್ತ ಹರಿಯುವ ನೀರಿನಿಂದ. ನೀರೇ ಬತ್ತಿದ ಮೇಲೆ ಮುಳ್ಳಿಗೆ ಏನು ತಿಳಿಯಬೇಕು? ಒಳಗೆ ಉರಿಯುತ್ತಿದ್ದರೂ ತಣ್ಣಗಿದೆ ಎಂದೇ ತೋರಿಸಿತು.

ಅಣ್ಣನನ್ನು ಹೊತ್ತುಕೊಂಡಾದರೂ ಹೋಗುತ್ತೇನೆಂದು ಹಿಂದಿನ ಬಾಗಿಲು ತೆರೆದ. ಅತ್ತಿಗೆ ತುಟಿಗೆ ಬೆರಳಿಟ್ಟಳು. "ಮೆಲ್ಲಗೆ, ಎಚ್ಚರವಾದಾರು" ಎಂದಳು. ಅವನು ಅಣ್ಣನ ಕೈ ಹಿಡಿದ. ಅದು ತಣ್ಣಗಿತ್ತು, ಜೀವವಿರಲಿಲ್ಲ. ಅವಳು ಇನ್ನೂ ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದಳು. ಅವಳಿಗೆ ಹೇಗೆ ಹೇಳಿಯಾನು, ಪಾಪ.

ಚೌಡವ್ವನನ್ನು ದೂರಬೇಡ. ಇಬ್ಬರೂ ಏನು ಇಳಿಸೆಂದು ಕೇಳಿದರೋ ಅದನ್ನೇ ಅವಳು ಇಳಿಸಿಕೊಟ್ಟಳು.

ಕತೆ ಮುಗಿಯಿತು. ಗುರು ಚನ್ನವೀರನ ಮುಂದೆ ಅಂಗೈ ಚಾಚಿದರು.

"ಎಲ್ಲಿ, ನಿನ್ನ ಕೈ ಕೊಡು, ಬೆಚ್ಚಗಿದೆಯೇ ನೋಡೋಣ."